ಗಂಡ ಬಿಟ್ಟು ಬಂದ ಹಡಗು

ನನ್ನ ಗಂಡ ಪ್ರವಾಸಿ ಹಡಗಿನಲ್ಲಿ ದರ್ಜಿಯಾಗಿದ್ದರು. ಹೀಗೆಂದರೆ ಬೆಟಗೇರಿಯಲ್ಲಿ ಜನ ಮೊದಲು ನಗುತ್ತಾರೆ. ಹಡಗಿನಲ್ಲಿ ಅಡುಗೆಯವರಿರುತ್ತಾರೆ, ಎಂಜಿನ್ ನೋಡಿಕೊಳ್ಳುವವರಿರುತ್ತಾರೆ, ದರ್ಜಿಗೇನು ಕೆಲಸ ಎಂದು ಕೇಳುತ್ತಾರೆ. ಮದುವೆಗೆ ಮುಂಚೆ ನಾನೂ ಹಾಗೇ ಕೇಳಿದ್ದೆ. ಊರಿನಷ್ಟು ಜನ ಮಲಗುವ ಜಾಗದಲ್ಲಿ ಹಾಸಿಗೆಯ ಚಾದರ ಹರಿಯುವುದಿಲ್ಲವೇ, ಪರದೆಯ ಹೊಲಿಗೆ ಪಿಸಿಯುವುದಿಲ್ಲವೇ, ಬಡಿಸುವ ಹುಡುಗರ ಕೋಟಿನ ಗುಂಡಿ ಉದುರುವುದಿಲ್ಲವೇ? ಅದನ್ನೆಲ್ಲ ಹೊಲಿಯುವ ಒಂದು ಕೋಣೆ ಹಡಗಿನ ತಳದಲ್ಲಿ, ಬಟ್ಟೆ ಒಗೆಯುವ ಜಾಗದ ಮಗ್ಗುಲಲ್ಲಿ ಇತ್ತು. ಕಿಟಕಿ ಇಲ್ಲದ ಕೋಣೆ. ನನ್ನ ಗಂಡನ ಪ್ರಾಯವೆಲ್ಲ ಆ ಕೋಣೆಯಲ್ಲಿ ಕಳೆಯಿತು. ಉಳಿದದ್ದು ನನ್ನ ಪಾಲಿಗೆ ಬಂತು.

ಅವರದು ನೇಕಾರರ ಮನೆ. ಕೈಮಗ್ಗದಿಂದ ಹೊಟ್ಟೆ ತುಂಬುವುದಿಲ್ಲ ಎಂದು ಗೊತ್ತಾದಾಗ ಗದಗಿನ ಒಂದು ಅಂಗಡಿಯಲ್ಲಿ ಹೊಲಿಗೆ ಕಲಿತರು, ಗೋವಾದ ಹೋಟೆಲೊಂದರ ಬಟ್ಟೆ ವಿಭಾಗಕ್ಕೆ ಹೋದರು, ಅಲ್ಲಿಂದ ಹಡಗು ಹತ್ತಿದರು. ಮುಂಬೈಯಿಂದ ಹೊರಟು ಗೋವಾ, ಕೊಚ್ಚಿ, ದ್ವೀಪಗಳು ಎಂದು ಸುತ್ತಿಸಿಕೊಂಡು ಬರುವ ಕ್ರೂಸ್ ಅದು. ಹತ್ತಿದವರು ಹತ್ತಿದರು, ಮತ್ತೆ ಇಳಿಯುವ ಮಾತೇ ಇಲ್ಲ. ವರ್ಷದಲ್ಲಿ ಒಮ್ಮೆ ರಜೆಯ ಮೇಲೆ ಬಂದಾಗ ನಮ್ಮ ಮನೆ ಮನೆಯಾಗುತ್ತಿತ್ತು.

ಬಂದ ಮೊದಲ ದಿನ ನನ್ನ ಗಂಡ ನನ್ನವರು. ಮಾರನೆಯ ದಿನದಿಂದ ಶುರುವಾಗುತ್ತಿತ್ತು. ಚಹಾ ಕೊಟ್ಟರೆ, "ನಮ್ಮ ಹಡಗಿನ್ಯಾಗ ಹಿಂಗ ಬಸಿ ಹಿಡದ್ರ ಚೆಲ್ಲಿ ಹೋಗ್ತೈತಿ" ಎನ್ನುವರು. ಗಾಳಿ ಬೀಸಿ ಬಾಗಿಲು ಬಡಿದರೆ, "ಈ ಗಾಳಿ ಏನ್ ಗಾಳಿ, ಮಳಿಗಾಲದಾಗ ನಮ್ಮ ಹಡಗಿನ ಮ್ಯಾಲ ನಿಂತು ನೋಡಬೇಕು" ಎನ್ನುವರು. ಹಾಸಿಗೆಯಲ್ಲಿ ಹೊರಳಾಡುವರು. ಏನಾಯಿತು ಎಂದು ಕೇಳಿದರೆ, ನೆಲ ಅಲುಗಾಡುತ್ತಿಲ್ಲ, ನಿದ್ದೆ ಹತ್ತುತ್ತಿಲ್ಲ ಎಂದು ಉತ್ತರ. ನನ್ನ ಪಕ್ಕದಲ್ಲಿ ಮಲಗಿ ಬೇರೆಯವಳ ತೂಗಾಟ ನೆನೆಸಿಕೊಳ್ಳುವ ಗಂಡನಿಗೆ ಏನು ಹೇಳಬೇಕು? ಅವರ ಮೊಬೈಲ್ ತೆರೆದರೆ ಮೊದಲು ಕಾಣುತ್ತಿದ್ದದ್ದು ಹಡಗಿನ ಫೋಟೋ. ಬಿಳಿ ಮೈ, ನಡುವಿಗೆ ನೀಲಿ ಪಟ್ಟಿ. ನನ್ನ ಫೋಟೋ ಎಲ್ಲಿದೆ ಎಂದು ಹುಡುಕಿದೆ. ಇತ್ತು, ಗ್ಯಾಸ್ ಪುಸ್ತಕದ ಫೋಟೋದ ಪಕ್ಕದಲ್ಲಿ.

ಎದುರು ಮನೆಯಾಕೆ ಇದನ್ನೆಲ್ಲ ನನ್ನಿಂದಲೇ ಕೇಳಿ ನನಗೇ ತಿರುಗಿ ಚುಚ್ಚುತ್ತಿದ್ದಳು. ನಳಕ್ಕೆ ಕೊಡ ಹಚ್ಚಿ ನಿಂತಾಗ ಓಣಿಗೆಲ್ಲ ಕೇಳುವಂತೆ, "ಏನ್ ಬೇ, ನಿಮ್ಮ ಸವತಿ ಅರಾಮ ಅದಾಳೇನು?" ಎನ್ನುವಳು. "ಆಕಿಗೇನ್ ಧಾಡಿ, ಸಮುದ್ರದಾಗ ತೇಲಾಕ ಹತ್ಯಾಳ, ಸೊಲ್ಪರ ತೂತ ಬೀಳವಲ್ದು" ಎಂದು ನಾನೂ ನಗುತ್ತಿದ್ದೆ. ನಗುತ್ತಿದ್ದೆನಾದರೂ ಹೊಟ್ಟೆಯಲ್ಲಿ ಕಿಚ್ಚು ಇದ್ದೇ ಇತ್ತು. ಹೆಣ್ಣೊಬ್ಬಳ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಅವಳ ಮೂಗು ಸೊಟ್ಟ, ನಡತೆ ಸರಿಯಿಲ್ಲ ಎಂದಾದರೂ ಬೈದು ಸಮಾಧಾನ ಮಾಡಿಕೊಳ್ಳಬಹುದು. ನಾನು ಕಣ್ಣಿಂದ ಕಂಡೂ ಇರದ ಕಬ್ಬಿಣಕ್ಕೆ ಏನೆಂದು ಬೈಯಲಿ?

ಮಗಳು ಹುಟ್ಟಿದ ದಿನ ನಾನು ಮುಂಡರಗಿಯ ತವರು ಮನೆಯಲ್ಲಿದ್ದೆ, ಅವರು ಕೊಚ್ಚಿಯ ಆಚೆ ಎಲ್ಲೋ. ಫೋನ್ ಸಿಕ್ಕಾಗ ಕೂಸಿನ ಬಣ್ಣ ಕೇಳಿದರು, ನನ್ನ ಆರೋಗ್ಯ ಕೇಳಿದರು, ಆಮೇಲೆ ಹಡಗಿನ ಊಟದ ಕೋಣೆಗೆ ಹೊಸ ಪರದೆ ಹೊಲಿದು ಹಾಕಿದ ಸುದ್ದಿಯನ್ನು ಸಾವಕಾಶವಾಗಿ ಹೇಳಿದರು. ಮುಂದೆ ಆ ಮಗಳನ್ನೇ ಲಕ್ಷ್ಮೇಶ್ವರಕ್ಕೆ ಮದುವೆ ಮಾಡಿ ಕೊಟ್ಟೆವು. ಮಡಿಲಿಗೆ ಸೀರೆ, ಅಕ್ಕಿ, ಕಾಯಿ ಇಟ್ಟು ಉಡಿ ತುಂಬಿ ಗಾಡಿ ಹತ್ತಿಸುವಾಗ ಬೀಗರ ಕಡೆಯವರ ಕಣ್ಣೂ ಒದ್ದೆಯಾಯಿತು. ನನ್ನ ಗಂಡ ಮಾತ್ರ ಒಂದು ಹನಿ ಹಾಕಲಿಲ್ಲ. ಅವರದು ಗಟ್ಟಿ ಜೀವ ಎಂದು ಆಗ ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಅವರ ಗಟ್ಟಿ ಜೀವದ ಬಂಡವಾಳ ಬಯಲಾದದ್ದು ಕಡೆಯ ಸಲದ ರಜೆಯಲ್ಲಿ. ಊಟಕ್ಕೆ ಕುಳಿತಿದ್ದರು. ಫೋನ್ ಬಂತು. ಆ ಕಡೆಯ ಮಾತು ಕೇಳುತ್ತಾ ಕೇಳುತ್ತಾ ಮುರಿದ ರೊಟ್ಟಿಯ ತುಂಡನ್ನು ತಿರುಗಿ ತಾಟಿಗೆ ಇಟ್ಟರು. ಕಣ್ಣಲ್ಲಿ ನೀರು. ಯಾರೋ ತೀರಿಕೊಂಡರು ಎಂದೇ ನಾನು ಅಂದುಕೊಂಡೆ.

"ಯಾರರೀ? ಯಾರಿಗೇನಾತು?" ಎಂದೆ.

"ನಮ್ಮ ಹಡಗು ತಗದು ಹಾಕತಾರಂತ," ಎಂದರು. "ಇನ್ನ ಸ್ವಲ್ಪ ದಿನಾ ಓಡಸ್ತಾರ. ಆಮ್ಯಾಲ ಗುಜರಾತ ದಂಡಿಗೆ ಒಯ್ದು ಒಡೀತಾರ."

ನನಗೆ ಆದ ಸಂತೋಷವನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. ಅಡುಗೆ ಮನೆಗೆ ಹೋಗಿ ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕೆ. ಮಾರನೆಯ ದಿನ ಕಡಲೆಬೇಳೆ ಬೇಯಿಸಿ ಹೋಳಿಗೆ ಮಾಡಿದೆ. "ಯಾವ ಹಬ್ಬ ಇವತ್ತ?" ಎಂದು ಕೇಳಿದರು. "ಹಬ್ಬ ಯಾಕ ಬೇಕು, ಬ್ಯಾಳಿ ಇತ್ತು, ಮಾಡೀನಿ" ಎಂದೆ. ಅವರು ಅರ್ಧ ಹೋಳಿಗೆ ತಿಂದು ಎದ್ದರು. ನಾನು ತುಪ್ಪ ಸುರಿದುಕೊಂಡು ಉಂಡೆ.

ಅಷ್ಟು ದೊಡ್ಡ ಹಡಗನ್ನು ಯಾಕೆ ಒಡೆಯುತ್ತಾರೆ ಎಂದು ಆಮೇಲೆ ಅವರೇ ಬಿಡಿಸಿ ಹೇಳಿದರು. ನಾನು ಕೇಳಿದ್ದು ಸವತಿಯ ರೋಗದ ಸುದ್ದಿ ಕೇಳುವ ಆಸೆಯಿಂದ. ಹಡಗಿಗೆ ವಯಸ್ಸಾಗಿತ್ತು. ಹೊಸ ಹಡಗಿಗಿಂತ ಹೆಚ್ಚು ಎಣ್ಣೆ ಕುಡಿಯುತ್ತಿತ್ತು. ಒಂದು ಭಾಗ ಕೆಟ್ಟರೆ ಹೊರದೇಶದಲ್ಲಿ ಹುಡುಕಬೇಕು, ಹುಡುಕಿದರೂ ಸಿಗದು, ಅಲ್ಲಿಯವರೆಗೆ ಪ್ರವಾಸಗಳು ರದ್ದು. ಹೊಗೆಯ ಬಗ್ಗೆ, ಬೆಂಕಿ ಬಿದ್ದರೆ ಏನು ಮಾಡಬೇಕೆಂಬುದರ ಬಗ್ಗೆ ನಿಯಮಗಳು ಬಿಗಿಯಾಗುತ್ತಲೇ ಇದ್ದವು. ಅವಕ್ಕೆ ತಕ್ಕಂತೆ ಹಳೆಯದನ್ನು ತಿದ್ದುವುದಕ್ಕಿಂತ ಹೊಸದನ್ನು ತರುವುದೇ ಲೇಸು ಎಂದು ಕಂಪನಿಯವರ ಲೆಕ್ಕಾಚಾರ. ಹೊಸದರಲ್ಲಿ ಕೋಣೆಗಳು ಹೆಚ್ಚು, ಹೊರಬದಿಯ ಕೋಣೆಗಳಿಗೆಲ್ಲ ಬಾಲ್ಕನಿ, ಮಕ್ಕಳಿಗೆ ಜಾರುಬಂಡಿ. ಈಗಿನ ಹುಡುಗ ಹುಡುಗಿಯರಿಗೆ ಬಾಲ್ಕನಿಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳದಿದ್ದರೆ ಸಮುದ್ರ ನೋಡಿದಂತೆ ಆಗುವುದಿಲ್ಲವಂತೆ. ಮುಂಚೆಯೇ ಟಿಕೆಟ್ ಮಾಡಿಸಿದವರಿಗೆ ದುಡ್ಡು ತಿರುಗಿ ತಗೊಳ್ಳಿ, ಇಲ್ಲವೇ ಹೊಸ ಹಡಗಿಗೆ ಬನ್ನಿ ಎಂದಿದ್ದರಂತೆ.

"ಹಂಗಾರ ಛಲೋನ ಆತಲ್ಲ, ಮಂದಿಗೆ ಹೊಸಾದು ಸಿಗ್ತೈತಿ," ಎಂದೆ.

"ನಿನಗೇನ್ ತಿಳೀತೈತಿ?" ಎಂದು ರೇಗಿದರು. "ವರ್ಷಾ ವರ್ಷಾ ಅದ ಖೋಲಿ ಬೇಕಂತ ಬರೋ ಮಂದಿ ಅದಾರ. ಇಳೀ ವಯಸ್ಸಿನ್ಯಾಗ ಇಷ್ಟ ಮೆಟ್ಲಾ ಇಳದ್ರ ಊಟದ ಖೋಲಿ, ಇಷ್ಟ ನಡದ್ರ ಡಾಕ್ಟರ್ ಖೋಲಿ ಅಂತ ಅವರ ಕಾಲಿಗೆ ಗೊತ್ತಿತ್ತು. ಹೊಸಾದ್ರಾಗ ಅವರು ದಾರಿ ತಪ್ಪಿದ ಕುರಿ ಆಗ್ತಾರ. ಸಣ್ಣ ದ್ವೀಪದ ಧಕ್ಕೆಗೆ ನಮ್ಮ ಹಡಗು ಹೋಗಿ ನಿಲ್ತಿತ್ತು. ಹೊಸಾದು ಅಷ್ಟ ದೊಡ್ಡದು, ಅಲ್ಲಿ ಹೆಂಗ ನಿಲ್ಲತೈತಿ? ಆ ದ್ವೀಪಾನ ಕೈ ಬಿಟ್ಟಾರ."

ನನ್ನ ಮೇಲೆ ಅವರು ಅಷ್ಟು ಮಾತು ಸುರಿಸಿ ವರ್ಷಗಳೇ ಆಗಿದ್ದವು. ಅದೂ ಅವಳ ಸಲುವಾಗಿ.

ಕೊನೆಯ ಪ್ರವಾಸಕ್ಕೆ ಹೊರಡುವ ಮುನ್ನ ಅವರು ಒಂದು ಮಾತು ತೆಗೆದರು. ಅದಕ್ಕೆ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಮಗ್ಗವನ್ನು ಬಿಚ್ಚಿ ತೆಗೆಯುವಾಗ ಅದರ ಮೇಲೆ ನೆಯ್ದ ಕಡೆಯ ಸೀರೆಯನ್ನು ಮಾರುವುದಿಲ್ಲ. ಅದು ಮನೆಯ ಹೆಣ್ಣುಮಗಳಿಗೆ ಸೇರಿದ್ದು. ನನ್ನ ಅತ್ತೆ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತು ನೆಯ್ದ ಕಡೆಯ ಸೀರೆ, ಕೆಂಪು ಸೆರಗಿನದು, ಅವರು ತೀರಿಕೊಂಡ ಮೇಲೆ ನನ್ನ ಟ್ರಂಕಿಗೆ ಬಂತು. ಗಂಡ ಊರಲ್ಲಿರುವ ಒಂದು ಒಳ್ಳೆಯ ದಿನ ಉಡಬೇಕು ಎಂದು ಅದರ ಮಡಿಕೆ ಮುರಿಯದೆ ಇಟ್ಟಿದ್ದೆ. ಅವರು ಇರುವ ದಿನ ಒಳ್ಳೆಯದಾಗಿರಲಿಲ್ಲ, ಒಳ್ಳೆಯ ದಿನ ಅವರು ಇರುತ್ತಿರಲಿಲ್ಲ.

"ಅವ್ವನ ಕಡೀ ಸೀರಿ ಕೊಡ್ತೀಯೇನು?" ಎಂದು ಕೇಳಿದರು. "ಹಡಗಿನ ಉಡಿ ತುಂಬಬೇಕಂತ ಮಾಡೀನಿ. ಹೆಣ್ಣಮಕ್ಕಳನ್ನ ಬರೇ ಉಡಿಲೆ ಕಳಸಂಗಿಲ್ಲಲ್ಲ."

 ನನ್ನ ಕಟ್ಟೆ ಒಡೆಯಿತು.

"ಕಬ್ಬಿಣಕ್ಕ ಉಡಿ ತುಂಬತೀರಿ? ನಿಮ್ಮವ್ವನ ಸೀರಿ ಒಯ್ದು? ಮಗಳ್ನ ಕಳಸುವಾಗ ಒಂದ ಹನಿ ನೀರ ಹಾಕಿಲ್ಲ. ನಾ ಇಷ್ಟ ವರ್ಷ ಬಾಗಲದಾಗ ನಿಂತು ನಿಮ್ಮನ್ನ ಕಳಿಸೀನಿ, ನನ್ನ ಉಡಿ ನೆನಪಾತೇನ್ ನಿಮಗ? ಕೊಡಂಗಿಲ್ಲ ಅಂದ್ರ ಕೊಡಂಗಿಲ್ಲ."

ಅವರು ಮತ್ತೆ ಕೇಳಲಿಲ್ಲ. ಅದೇ ನನಗೆ ಇನ್ನೂ ಸಿಟ್ಟು ತರಿಸಿತು. ಸಂಜೆ ಆಟೋ ಹಿಡಿದು ಗದಗಿಗೆ ಹೋಗಿ, ಅಂಗಡಿಯಲ್ಲಿ ಇದ್ದುದರಲ್ಲೇ ಅಗ್ಗದ ಒಂದು ಪವರ್‌ಲೂಮ್ ಸೀರೆ ತಂದು ಅವರ ಚೀಲದ ಮೇಲೆ ಒಗೆದೆ. "ನಿಮ್ಮಾಕಿಗೆ ಇದು ಸಾಕು" ಎಂದೆ. ಅವರು ಸೀರೆಯ ಅಂಚನ್ನು ಹೆಬ್ಬೆಟ್ಟು ಬೆರಳಿನ ನಡುವೆ ಹಿಡಿದು ಒಮ್ಮೆ ತಿಕ್ಕಿದರು. ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಅಷ್ಟು ಸಾಕು, ಮುಂದಿನದನ್ನು ಕಣ್ಣಿಂದ ನೋಡಬೇಕಿಲ್ಲ. ಮಡಚಿ ಚೀಲದಲ್ಲಿ ಇಟ್ಟುಕೊಂಡರು. ಅಕ್ಕಿ, ಅರಿಷಿಣದ ಕೊಂಬು, ಒಂದು ತೆಂಗಿನಕಾಯಿಯನ್ನು ನನ್ನನ್ನು ಕೇಳದೆ ತಾವೇ ತೆಗೆದುಕೊಂಡರು.

ಕಡೆಯ ದಿನ ವಿಡಿಯೋ ಕಾಲ್ ಮಾಡಿದರು. ಹಾಳಾಗಿ ಹೋಗಲಿ ಎಂದು ಫೋನ್ ಎತ್ತಬಾರದು ಅಂದುಕೊಂಡಿದ್ದೆ, ಎತ್ತಿದೆ. ಎಂಥವಳಿದ್ದಾಳೆ ನೋಡೋಣ ಎಂಬ ಆಸೆ. ಮುಂಬೈಯ ಧಕ್ಕೆಯಲ್ಲಿ ಹಡಗು ನಿಂತಿತ್ತು. ಇಷ್ಟು ವರ್ಷ ಫೋಟೋದಲ್ಲಿ ಬೆಳ್ಳಗೆ ಹೊಳೆಯುತ್ತಿದ್ದವಳ ಮೈಮೇಲೆ ತುಕ್ಕಿನ ಗೆರೆಗಳು. ನೀಲಿ ಪಟ್ಟಿ ಅಲ್ಲಲ್ಲಿ ಎದ್ದುಬಂದಿತ್ತು. ಮುದುಕಿ ಎಂದು ನನಗೆ ಸಮಾಧಾನವಾಯಿತು. ಆದರೆ ಮುದುಕಿಯ ಸುತ್ತ ಎಷ್ಟು ಜನ! ಇಳಿದ ಪ್ರಯಾಣಿಕರು ಮನೆಗೆ ಹೋಗದೆ ನಿಂತು ನೋಡುತ್ತಿದ್ದರು. ಒಬ್ಬ ವಯಸ್ಸಾದವರು ಅದರ ಕಡೆ ಕೈ ಬೀಸುತ್ತಿದ್ದರು. ಹಡಗು ಉದ್ದಕ್ಕೆ ಭೋಂಕಾರ ಹಾಕಿತು, ನನ್ನ ಗಂಡ ಬಿಕ್ಕುವುದು ಕೇಳಿಸಿತು. ನಾನು ಫೋನ್ ಮಗುಚಿ ಇಟ್ಟೆ.

ಊರಿಗೆ ಬಂದರು. ಬೂಟು ಬಿಚ್ಚುತ್ತಾ, ನಾನು ಕೇಳುವ ಮೊದಲೇ ಹೇಳಿದರು: "ಹೊಸಾ ಹಡಗಿಗೆ ಬಾ ಅಂದಿದ್ರು. ನಾನ ಒಲ್ಲೆ ಅಂದೆ. ನಿನ್ನ ಸಲುವಾಗಿ ಬಿಟ್ಟು ಬಂದೀನಿ."

ಆ ಮಾತಿಗೆ ನಾನು ಎಷ್ಟು ವರ್ಷ ಹಸಿದಿದ್ದೆ ಎಂದು ನನಗೇ ಗೊತ್ತಿರಲಿಲ್ಲ. ಅವತ್ತು ಸಂಜೆಯೊಳಗೆ ಮುಂಡರಗಿಗೆ ಫೋನ್ ಮಾಡಿ ಅಣ್ಣನಿಗೆ ಹೇಳಿದೆ, ಲಕ್ಷ್ಮೇಶ್ವರಕ್ಕೆ ಮಾಡಿ ಮಗಳಿಗೆ ಹೇಳಿದೆ. ಮಗಳು, "ಖರೇನ ಅಪ್ಪಾ ಹಂಗಂದ್ನ?" ಎಂದು ಎರಡು ಸಲ ಕೇಳಿದಳು. ನಳದ ಹತ್ತಿರ ಎದುರು ಮನೆಯಾಕೆಗೆ ಮಾತ್ರ ನಿಧಾನವಾಗಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದೆ. ಅವಳ ಕೊಡ ತುಂಬಿ ಹರಿದರೂ ಅವಳಿಗೆ ತಿಳಿಯಲಿಲ್ಲ.

ಗೆದ್ದೆ ಎಂದುಕೊಂಡೆ. ಸ್ವಲ್ಪ ದಿನ ಹಾಗೇ ಅನ್ನಿಸಿತು. ಅವರು ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಓಣಿಯ ಹೆಂಗಸರ ಸೀರೆಗೆ ಫಾಲ್ ಹಚ್ಚತೊಡಗಿದರು. ಮಧ್ಯೆ ಕೈ ನಿಂತುಬಿಡುತ್ತಿತ್ತು. ಇಣುಕಿ ನೋಡಿದರೆ ಕೈಯಲ್ಲಿ ಮೊಬೈಲ್. ಗುಜರಾತಿನ ದಂಡೆಯಲ್ಲಿ ಹಡಗುಗಳನ್ನು ಒಡೆಯುವ ವಿಡಿಯೋಗಳನ್ನು ಯಾರೋ ಹಾಕುತ್ತಿದ್ದರು. ಅರ್ಧ ಕೊಯ್ದ ಹಡಗು, ಒಳಗಿನ ಕೋಣೆಗಳೆಲ್ಲ ಬಯಲಿಗೆ. ತಮ್ಮದೇನೋ ಎಂದು ಇವರು ಹಿಗ್ಗಿಸಿ ಹಿಗ್ಗಿಸಿ ನೋಡುವರು. ಹೆಂಡತಿ ಸತ್ತವರ ಮುಖ ಹೇಗಿರುತ್ತದೆ ಎಂದು ನನ್ನ ಗಂಡನ ಮುಖದಲ್ಲಿ ನಾನು ಬದುಕಿರುವಾಗಲೇ ಕಂಡೆ. ಇದ್ದಾಗ ಅವಳ ಮೇಲೆ ಹೊಟ್ಟೆಕಿಚ್ಚು ಇತ್ತು. ಹೋದ ಮೇಲೆ ಅದು ಎರಡು ಪಟ್ಟಾಯಿತು, ಯಾಕೆಂದರೆ ಈಗ ಅವಳು ಎಣ್ಣೆ ಕುಡಿಯುವುದಿಲ್ಲ, ಕೆಡುವುದಿಲ್ಲ, ಅವಳ ಕಡೆ ಬೆರಳು ತೋರಿಸುವ ಹಾಗೇ ಇಲ್ಲ. ಸಿಟ್ಟು ಬಂದಾಗಲೆಲ್ಲ ಅದೊಂದು ಮಾತನ್ನು ನೆನೆಸಿಕೊಳ್ಳುತ್ತಿದ್ದೆ. ಏನೇ ಆಗಲಿ, ನನ್ನ ಸಲುವಾಗಿ ಬಿಟ್ಟು ಬಂದಿದ್ದಾರೆ.

ಹೀಗಿರುವಾಗ ಒಂದು ಮಧ್ಯಾಹ್ನ ಮುಂಬೈಯ ಅಕ್ಕ ಬಂದರು. ಅವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ, ಹೆಸರು ಮಾತ್ರ ಕೇಳಿದ್ದೆ. ಧಾರವಾಡದ ಹೆಣ್ಣುಮಗಳು, ಮದುವೆಯಾಗಿ ಮುಂಬೈಗೆ ಹೋದವರು, ಗಂಡನ ಜೊತೆ ಪ್ರತಿ ವರ್ಷ ಆ ಹಡಗಿನಲ್ಲಿ ತಿರುಗಾಡುತ್ತಿದ್ದವರು. ಒಮ್ಮೆ ಹಡಗಿನಲ್ಲಿ ಅವರ ರವಿಕೆ ಹರಿದಾಗ ನನ್ನ ಗಂಡ ಹೊಲಿದುಕೊಟ್ಟು, ಮಾತಿನ ಧಾಟಿ ಕೇಳಿ ಊರು ಹಿಡಿದು, ಅಂದಿನಿಂದ ಅಕ್ಕ ತಮ್ಮ ಎಂದು ಬಳಕೆಯಾಗಿತ್ತು. ಗದಗಿನ ದೇವರಿಗೆ ಬಂದವರು ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ನನ್ನ ಗಂಡನಿಗೆ ಸಂಭ್ರಮವೋ ಸಂಭ್ರಮ. "ಕುಂಡ್ರಿ ಅಕ್ಕಾರ, ಬಿಸಿ ಮಿರ್ಚಿ ಭಜಿ ತರ್ತೀನಿ" ಎಂದು ಚಪ್ಪಲಿ ಮೆಟ್ಟಿ ಓಡಿದರು.

ಅಕ್ಕ ನನ್ನ ಕೈ ಹಿಡಿದುಕೊಂಡರು. "ನಿನ್ನ ನೋಡಬೇಕಂತನ ಬಂದೆ ನೋಡವಾ. ಹಡಗಿನ ಉಡಿ ತುಂಬಾಕ ನೀ ಸೀರಿ ಕಳಿಸಿದ್ದಿಯಲ್ಲ, ನಾವೆಲ್ಲಾ ಅತ್ತಬಿಟ್ವಿ. ಹೊಲಿಗಿ ಖೋಲ್ಯಾಗ ಮಷಿನ್ ಮ್ಯಾಲ ಸೀರಿ ಇಟ್ಟು ಅಕ್ಕಿ ಕಾಯಿ ಇಟ್ಟ. ನನ್ನ ಹೆಂಡ್ತಿ ಕೊಟ್ಟು ಕಳಿಸ್ಯಾಳ ಅಂತ ಎಲ್ಲಾರಿಗೂ ಹೇಳಿದ. ಎಂಥಾ ದೊಡ್ಡ ಮನಸ್ಸು ನಿಂದು!"

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಅವರು ಅದನ್ನೂ ದೊಡ್ಡ ಮನಸ್ಸು ಎಂದೇ ತಿಳಿದಿರಬೇಕು.

"ಹೊಸಾದ್ರಾಗ ನಾವೂ ಒಂದ್ಸಲಾ ಹೋಗಿ ಬಂದ್ವಿ," ಎಂದು ಅವರು ಮುಂದುವರಿಸಿದರು. "ಅದ ರೊಕ್ಕಕ್ಕ ನಮಗ ಸಿಕ್ಕದ್ದು ಕಿಡಕೀನ ಇಲ್ಲದ ಒಳಗಿನ ಖೋಲಿ. ನಮ್ಮ ಹಳೀ ಸಂಗಡದವರೊಳಗ ಅರ್ಧಾ ಮಂದಿ ಬರೂದ ಬಿಟ್ರು. ಕಂಪನಿಗೆ ಅದರ ಖಬರ ಇಲ್ಲ, ಹಡಗು ತುಂಬಿ ತುಳಕತೈತಿ. ಅಲ್ಲೆ ಹರದ ಚಾದರ ಹೊಲ್ಯಂಗಿಲ್ಲಂತ, ಆಚಿಗೆ ಒಗದು ಹೊಸಾದು ತರ್ತಾರಂತ. ಹೊಲಿಗಿ ಖೋಲೀನ ಇಟ್ಟಿಲ್ಲ. ಪಾಪ, ನಿನ್ನ ಗಂಡ ಎಷ್ಟ ಕೇಳಿಕೊಂಡ. ಚಾದರ ಮಡಚೂ ಕೆಲಸಾನರ ಕೊಡ್ರಿ ಅಂದ. ನಮ್ಮ ಮನಿಯವರೂ ಕಂಪನಿಯವರಿಗೆ ಹೇಳಿ ನೋಡಿದ್ರು. ಆಗಂಗಿಲ್ಲ ಅಂದಬಿಟ್ರು."

 ನನ್ನ ಸಲುವಾಗಿ ಬಿಟ್ಟು ಬಂದರು ಎಂದು ನಾನು ಇಡೀ ಬೆಟಗೇರಿಗೆ ಹೇಳಿಕೊಂಡು ಬಂದಿದ್ದೆ. ಅವರು ನನ್ನ ಸಲುವಾಗಿ ಬಿಟ್ಟಿರಲಿಲ್ಲ. ಹರಿದ ಚಾದರದ ಜೊತೆ ಕಂಪನಿಯವರು ಅವರನ್ನೂ ಬಿಟ್ಟಿದ್ದರು. ಅವಳು ಸತ್ತ ಮೇಲೂ ಅವಳ ಊರಾದ ಸಮುದ್ರದಲ್ಲೇ ಇರಲು ಬೇಡಿಕೊಂಡ ಮನುಷ್ಯ, ಬೇರೆ ದಾರಿ ಕಾಣದೆ ನನ್ನ ಹತ್ತಿರ ಬಂದು ಬೂಟು ಬಿಚ್ಚುತ್ತಾ ಆ ಮಾತು ಹೇಳಿದ್ದ.  ಬರಲಿ, ಅಕ್ಕನ ಎದುರಿಗೇ ಮಾನ ಹರಾಜು ಹಾಕುತ್ತೇನೆ ಎಂದು ಬಾಗಿಲು ನೋಡುತ್ತಾ ಕುಳಿತೆ.

ಅವರು ಬಂದರು. ಎಣ್ಣೆ ಇಳಿಯುವ ಪೇಪರ್ ಪೊಟ್ಟಣ ಬಿಚ್ಚಿ ತಾಟಿಗೆ ಹಾಕುತ್ತಾ, ಅಕ್ಕ ಹೇಳುವ ಹೊಸ ಹಡಗಿನ ಸುದ್ದಿಯನ್ನು ಕೂಸಿನಂತೆ ಬಾಯಿ ತೆರೆದು ಕೇಳಿದರು. ಅದು ಎಷ್ಟು ಎತ್ತರ, ಅಲೆಗೆ ಅಲುಗಾಡುತ್ತದೋ ಇಲ್ಲವೋ, ಹಳೆಯ ಹುಡುಗರು ಯಾರ್ಯಾರು ಇದ್ದಾರೆ. ಹೊರಡುವ ಹೊತ್ತಿಗೆ ಅಕ್ಕ ನೆನಪು ಮಾಡಿಕೊಂಡು ಹೇಳಿದರು: "ಹಾಂ, ಹೇಳೂದ ಮರತಿದ್ದೆ. ಹೊಸಾ ಹಡಗಿನ್ಯಾಗ ಬಟ್ಟಿ ಒಗೀತಾರಲ್ಲ, ಅಲ್ಲೆ ಒಬ್ಬಾಂವ ಕೆಲಸಾ ಬಿಟ್ಟಾನಂತ. ಈ ಸಲಾ ನಮ್ಮವರ ಮಾತು ನಡೀತೈತಿ. ಹೇಳಸ್ಲೇನೋ ತಮ್ಮಾ?"

 ನನ್ನ ಗಂಡ ಅಕ್ಕನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಹೂಂ ಅಂದರೆ ನನಗೆ ಹೇಳಿದ್ದು ಸುಳ್ಳಾಗುತ್ತದೆ. ಒಲ್ಲೆ ಅಂದರೆ ಸಮುದ್ರ ಇನ್ನೆಂದಿಗೂ ಇಲ್ಲ. ಆ ಕಣ್ಣಲ್ಲಿ ಎಷ್ಟು ಆಸೆ ಇತ್ತೆಂದು ನನಗೆ ಗೊತ್ತು. ನನ್ನ ಕಡೆ ಅಂಥ ಆಸೆಯಿಂದ ಅವರು ಎಂದೂ ನೋಡಿರಲಿಲ್ಲ, ಅವತ್ತು ನೋಡಿದ್ದೂ ನನ್ನನ್ನು ದಾಟಿಕೊಂಡು ಹೋಗುವುದಕ್ಕೆ. ನಾನು ಒಂದು ಮಾತು ಅಂದಿದ್ದರೆ ಸಾಕಿತ್ತು. ನನಗೆಲ್ಲಾ ಗೊತ್ತಾಗೈತಿ, ಹೋಗ್ರಿ, ಅಂದಿದ್ದರೆ ಸಾಕಿತ್ತು.

"ಬ್ಯಾಡ್ರಿ ಅಕ್ಕಾರ," ಎಂದೆ. "ಅವರು ಹಡಗು ಬಿಟ್ಟು ಬಂದದ್ದು ನನ್ನ ಸಲುವಾಗಿ. ಕೇಳ್ರಿ ಬೇಕಾದ್ರ."

ಅಕ್ಕ ಬೆಪ್ಪಾಗಿ ನನ್ನನ್ನೂ ಅವರನ್ನೂ ನೋಡಿದರು. ನನಗೆ ಎಲ್ಲ ಗೊತ್ತಾಗಿದೆ ಎಂದು ನನ್ನ ಗಂಡನಿಗೆ ಆಗ ತಿಳಿಯಿತು. ನಾನು ಕಣ್ಣು ಕೆಳಗೆ ಹಾಕಲಿಲ್ಲ. ಅವರು ಹೊಲಿಗೆ ಯಂತ್ರದ ಮೇಲೆ ಬಿದ್ದಿದ್ದ ಯಾರದೋ ಸೀರೆಯನ್ನು ಎತ್ತಿ, ಮಡಚಿ, ತಿರುಗಿ ಇಟ್ಟರು.

"ಹೌದ್ರಿ ಅಕ್ಕಾರ," ಎಂದರು. "ಇಕೀ ಸಲುವಾಗಿನ ಬಿಟ್ಟೀನಿ."

ಊರಿಗೆಲ್ಲ ನಾನು ಹೇಳಿಕೊಂಡು ತಿರುಗಿದ್ದು ಅಲ್ಲಿಯವರೆಗೆ ಸುಳ್ಳಾಗಿತ್ತು. ನನ್ನ ಗಂಡ ನನ್ನ ಸಲುವಾಗಿ ಹಡಗು ಬಿಟ್ಟದ್ದು ಅವತ್ತು, ನಮ್ಮ ಪಡಸಾಲೆಯಲ್ಲಿ, ನನ್ನ ಕಣ್ಣೆದುರಿಗೆ.